ಹೆಲ್ಮೆಟ್ಟಿನಲ್ಲಿ ಬಂಗಡೆ

ಲಕ್ಕಿ ಅಂಗಳದಲ್ಲಿ ಬುಟ್ಟಿ ಇಳಿಸಿ ಕಾಲು ಗಂಟೆಯಾಗಿತ್ತು. ಸುಧಾಕರ ಅದೇ ಬಂಗಡೆಯ ಕಿವಿರನ್ನು ಮತ್ತೊಮ್ಮೆ ಎತ್ತಿ ನೋಡಿದ.

"ಸುಧಾಕರಣ್ಣ, ಅದು ಸತ್ತಿದೆ. ಇನ್ನು ನಾಡಿ ಹಿಡಿದು ನೋಡೂದು ಬೇಡ," ಎಂದಳು ಲಕ್ಕಿ.

"ರೇಟು ಹೇಳು."

ಲಕ್ಕಿ ಹೇಳಿದಳು. ಸುಧಾಕರ ಕೈ ಸುಟ್ಟುಕೊಂಡವನ ಹಾಗೆ ಬಂಗಡೆಯನ್ನು ಬುಟ್ಟಿಗೆ ಬಿಟ್ಟ. ಗಾಳಿ ಜೋರಿದೆಯೆಂದು ವಾರದಿಂದ ಬೋಟುಗಳು ಬಂದರು ಬಿಟ್ಟು ಕದಲಿರಲಿಲ್ಲ. ಭಟ್ಕಳದ ಪೇಟೆಯಲ್ಲಿ ಮೀನಿಗೆ ಬಂಗಾರದ ಗತ್ತು ಬಂದಿತ್ತು.

"ಇಷ್ಟು ರೇಟಾದ್ರೆ ಅದು ತಾನೇ ಈಜಿಕೊಂಡು ಬಂದು ಬಾಣಲೆಗೆ ಬೀಳ್ಬೇಕು ಮಾರಾಯ್ತಿ."

ಬಾಗಿಲಲ್ಲಿ ನಿಂತಿದ್ದ ಜಯಂತಿಗೆ ಅಷ್ಟು ಸಾಕಾಯಿತು. "ಹೋಯ್, ಸಂಜೆಗೆ ಅಣ್ಣ ಅತ್ತಿಗೆ ಬತ್ತಾರೆ, ನೆನಪಿದೆಯಾ? ಹೋದ ಸಲ ಬಂದಾಗ ಬಸಳೆ ಸಾರು. ಅದರ ಹಿಂದಿನ ಸಲವೂ ಬಸಳೆ ಸಾರು. 'ನಿಮ್ಮನೆ ಬಳ್ಳಿ ಚಲೋ ಹಬ್ಬಿದೆ' ಅಂತ ಹೇಳಿ ಎದ್ದು ಹೋದ ಅವನು. ಇವತ್ತು ಅವನ ತಾಟಿಗೆ ಮೀನು ಬೀಳದಿದ್ರೆ ನಾನೂ ಅವನ ಸಂಗಡ ಮಾವಳ್ಳಿಗೆ ಹೋಗೂದೇ. ಮತ್ತೆ ನೀವು, ನಿಮ್ಮ ಬಸಳೆ."

ಇದು ಬರೀ ಬೆದರಿಕೆಯಲ್ಲ ಎಂಬುದು ಸುಧಾಕರನಿಗೆ ಗೊತ್ತಿತ್ತು. ಹಿಂದೊಮ್ಮೆ ಅವಳು ಹಾಗೆ ಹೋದಾಗ ಅವನು ಸತ್ಯನಾರಾಯಣ ಪೂಜೆ ಯಾರ ಮನೆಯಲ್ಲಿದೆ, ನಾಮಕರಣ ಯಾರ ಮನೆಯಲ್ಲಿದೆ ಎಂದು ವಿಚಾರಿಸಿಕೊಂಡು ಊಟ ಮಾಡಿದ್ದ. ಕೊನೆಗೆ ಒಂದು ದಿನ ಎಲ್ಲೂ ಏನೂ ಇಲ್ಲದೆ ಹೋಟೆಲಿಗೆ ಹೋಗಬೇಕಾಯಿತು. ಆ ಬಿಲ್ಲನ್ನು ನೆನೆದರೆ ಅವನಿಗೆ ಈಗಲೂ ಹೊಟ್ಟೆ ಉರಿಯುತ್ತಿತ್ತು.

ಸುಧಾಕರನಿಗೆ ಸಂಬಳ ಬರುತ್ತಿರಲಿಲ್ಲ ಎಂದಲ್ಲ. ಭಟ್ಕಳದ ಒಂದು ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ. ಬಂದದ್ದು ಹೊರಗೆ ಹೋಗುತ್ತಿರಲಿಲ್ಲ, ಅಷ್ಟೆ. ದೇವರಿಗೆ ಊದುಬತ್ತಿ ಹಚ್ಚಿ, ಹೊಗೆಯನ್ನು ಒಂದು ಸುತ್ತು ತೋರಿಸಿ, ತುದಿಯನ್ನು ನೀರಿಗೆ ಅದ್ದಿ ನಾಳೆಗೆ ಇಡುತ್ತಿದ್ದ. ಮದುವೆಯಲ್ಲಿ ಬಂದ ಫ್ರಿಜ್ಜು ಅಕ್ಕಿ, ಕೊಡೆ ಮತ್ತು ಹಳೇ ಚಪ್ಪಲಿ ಇಡುವ ಕಪಾಟಾಗಿತ್ತು. ಸ್ಕೂಟರಿನ ಎಂಜಿನ್ನು ಇಳಿಜಾರು ಕಂಡ ಕೂಡಲೇ ಬಂದ್ ಆಗುತ್ತಿತ್ತು. ಮನೆಯಲ್ಲಿದ್ದ ಎರಡೂ ಫೋನು ಚಾರ್ಜ್ ಆಗುತ್ತಿದ್ದದ್ದು ಸೊಸೈಟಿಯ ಕರೆಂಟಿನಲ್ಲಿ. ಅವನ ಫೋನಿನಿಂದ ಕರೆ ಹೋಗುತ್ತಿರಲಿಲ್ಲ. ಬಂದ ಕರೆ ತೆಗೆದುಕೊಳ್ಳುವುದು, ಮಿಸ್ಡ್ ಕಾಲ್ ಕೊಡುವುದು, ಎರಡೇ ಅದರ ಕೆಲಸ.

"ಕಡೇ ರೇಟು ಹೇಳು ಲಕ್ಕಿ."

ಲಕ್ಕಿ ಸಿಂಬಿ ಸರಿಮಾಡಿಕೊಂಡು ಬುಟ್ಟಿ ತಲೆಗೇರಿಸಿದಳು. "ನಿಮಗೆ ಪುಕ್ಕಟೆ ಬೇಕಾದ್ರೆ ಕಡಲಬದಿಗೆ ಹೋಗಿ. ಇವತ್ತು ಗಾಳಿ ಸ್ವಲ್ಪ ಇಳಿದಿದೆ, ರಂಪಣಿ ಬಲೆ ಹಾಕಿದಾರೆ. ಹಗ್ಗ ಎಳೆದವರಿಗೆಲ್ಲ ಒಂದೊಂದು ಪಾಲು ಮೀನು. ಹೋಗಿ ಎಳೀರಿ, ಪೆನ್ನು ಹಿಡಿದ ಕೈಗೆ ಸ್ವಲ್ಪ ಉಪ್ಪು ತಾಗ್ಲಿ!"

ಅವಳು ಚೇಷ್ಟೆಗೆ ಹೇಳಿದ್ದು. ಸುಧಾಕರ ಮಾತ್ರ ಅವಳು ಗೇಟು ದಾಟುವುದರೊಳಗೆ ಪ್ಯಾಂಟು ಮಡಚುತ್ತಿದ್ದ.

ರಂಪಣಿಯೆಂದರೆ ಮೈಲುದ್ದದ ಬಲೆ. ಮೀನಿನ ಹಿಂಡು ದಡಕ್ಕೆ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಸುತ್ತು ಹಾಕಿ, ಎರಡೂ ತುದಿಯ ಹಗ್ಗವನ್ನು ದಡಕ್ಕೆ ತಂದು ಕೊಡುತ್ತಾರೆ. ಆಮೇಲೆ ಊರಿಗೆ ಊರೇ ಎಳೆಯಬೇಕು. ಕೈ ಹಾಕಿದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಇಂಥ ಒಳ್ಳೆಯ ಪದ್ಧತಿ ಇಷ್ಟು ವರ್ಷ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು.

ತೊಡಕು ಒಂದೇ. ಅಂದು ಶನಿವಾರ, ಸೊಸೈಟಿಗೆ ಹೋಗಬೇಕು. ರಜೆ ಬೇಕಾದಷ್ಟಿತ್ತು. ಆದರೆ ಬಳಸದ ರಜೆಗೆ ವರ್ಷದ ಕೊನೆಗೆ ದುಡ್ಡು ಕೊಡುತ್ತಾರೆ. ಸುಧಾಕರ ಅದನ್ನು ಮುಟ್ಟುವ ಮನುಷ್ಯನಲ್ಲ. ಖರ್ಚಿಲ್ಲದ ರಜೆ ಒಂದೇ ಒಂದಿತ್ತು. ಯಾರಾದರೂ ಸಾಯಬೇಕು.

ಕಡಲ ದಾರಿಯ ಗಾಳಿಮರದ ಕೆಳಗೆ ಸ್ಕೂಟರು ನಿಲ್ಲಿಸಿ ಅವನು ಕ್ಯಾಶಿಯರ್ ಮಾಲತಿಗೆ ಮಿಸ್ಡ್ ಕಾಲ್ ಕೊಟ್ಟ. ಅವಳು ತಿರುಗಿ ಮಾಡಿದಳು.

"ಮಾಲತಿ, ಕುಮಟೆಯ ನಮ್ಮ ಹೊನ್ನಮ್ಮ ಚಿಕ್ಕಮ್ಮ ತೀರಿಕೊಂಡ್ಳು."

ಫೋನು ಮ್ಯಾನೇಜರ್ ರಮಾನಂದರ ಕೈಗೆ ಹೋಯಿತು. "ಅಯ್ಯೋ ಪಾಪ. ಹೋದ ವರ್ಷ ನಿಮ್ಮ ಮಾವ ತೀರಿಕೊಂಡಿದ್ರು, ಅಲ್ದಾ?"

"ಹೌದು ಸರ್."

"ಅದರ ಹಿಂದಿನ ವರ್ಷವೂ ಒಬ್ಬ ಮಾವ."

"ನಮ್ಮಲ್ಲಿ ಮಾವಂದಿರು ಜಾಸ್ತಿ ಸರ್."

"ಆದ್ರೆ ಸುಧಾಕರ, ಈ ವರ್ಷದಿಂದ ವಿಶೇಷ ರಜೆ ಹೆತ್ತವರಿಗೆ, ಇಲ್ಲಾ ಸಾಕಿದವರಿಗೆ ಮಾತ್ರ. ಚಿಕ್ಕಮ್ಮಂಗೆ ಬರೂದಿಲ್ಲ."

"ಸಾಕಿದವಳೇ ಸರ್! ಕುಮಟೆಯಲ್ಲಿ ಕಾಲೇಜಿಗೆ ಹೋಗೂವಾಗ ಅವಳ ಮನೇಲೇ ಇದ್ದೆ. ಅನ್ನ ಹಾಕಿದ ಕೈ ಸರ್ ಅದು…" ಎನ್ನುತ್ತ ಅವನು ನಿಜವಾಗಿಯೂ ಬಿಕ್ಕಿದ. ಆ ಅನ್ನದ ನೆನಪೇ ಹಾಗಿತ್ತು.

ಹೊನ್ನಮ್ಮ ಅವನ ಅಪ್ಪನ ತಮ್ಮನ ಹೆಂಡತಿ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸುಧಾಕರ ಕಲಿತ ವಿದ್ಯೆಗೆ ಅವಳೇ ಗುರು. ಊದುಬತ್ತಿ ನೀರಿಗೆ ಅದ್ದುವುದು ಅವಳಿಂದಲೇ ಬಂದದ್ದು. ಅವಳ ಮನೆಯಲ್ಲಿ ಒಂದು ಉಪ್ಪಿನಕಾಯಿ ಹೋಳು ಭಾನುವಾರ ತಟ್ಟೆಗೆ ಬಂದರೆ ಬುಧವಾರದವರೆಗೆ ಡ್ಯೂಟಿ ಮಾಡುತ್ತಿತ್ತು. ಉಡುಗೊರೆ ಕೊಡಬೇಕಾಗುತ್ತದೆಂದು ಅವಳು ಸುಧಾಕರನ ಮದುವೆಗೆ ಬಂದಿರಲಿಲ್ಲ. ಯಾರದೋ ಬಾಯಲ್ಲಿ ಆಶೀರ್ವಾದ ಕಳಿಸಿದ್ದಳು. ಫೋನಂತೂ ಇಟ್ಟುಕೊಂಡವಳಲ್ಲ. ಬಸ್ಸಿನ ಖರ್ಚು ನೋಡಿ ಅವನೂ ಅತ್ತ ಹೋಗುತ್ತಿರಲಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಎಂದಾದಾಗ ಮಾತ್ರ, ಇನ್ನು ಚಿಕ್ಕಮ್ಮ ಬಂದೇ ಬಿಟ್ಟಳು ಎಂದು ಅವನು ಹೆದರಿದ್ದ. ಅವಳು ಬರಲಿಲ್ಲ. ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ನಡೆದರೆ ಚಪ್ಪಲಿ ಸವೆಯುತ್ತದೆ ಎಂದಳಂತೆ.

ಅಂಥವಳನ್ನು ಸಾಯಿಸಿದರೆ ಯಾರಿಗೂ ನಷ್ಟವಿಲ್ಲ. ಸುಧಾಕರ ಹಗುರ ಮನಸ್ಸಿನಿಂದ ಕಡಲಿಗಿಳಿದ.

*

ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. ತಂಡೇಲ ಸುಬ್ಬ, ಬಲೆಯ ಯಜಮಾನ, ಸೊಂಟದವರೆಗೆ ನೀರಿನಲ್ಲಿ ನಿಂತು ಕೂಗುತ್ತಿದ್ದ. ಸುಧಾಕರ ಅಂಗಿ ಪ್ಯಾಂಟು ಕಳಚಿ ಸ್ಕೂಟರಿನ ಸೀಟಿನಡಿ ಇಟ್ಟು, ಚಡ್ಡಿ ಬನಿಯನ್ನಿನಲ್ಲಿ, ಗುರುತು ಸಿಗದಿರಲೆಂದು ಮುಖಕ್ಕೆ ಟವೆಲು ಸುತ್ತಿಕೊಂಡು ಸಾಲಿನ ಬಾಲಕ್ಕೆ ಸೇರಿಕೊಂಡ. ಬಾಲದಲ್ಲಿದ್ದರೆ ಎಳೆಯುವ ಶ್ರಮ ಕಡಿಮೆ, ಪಾಲು ಅಷ್ಟೇ. ಹಾಗೆಂದು ಅವನ ಲೆಕ್ಕ.

ಸ್ವಲ್ಪ ಹೊತ್ತಿಗೆ ಸುಬ್ಬ ಅಲ್ಲಿಂದಲೇ ಕೂಗಿದ. "ಹೋಯ್, ಸೊಸೈಟಿಯವ್ರೇ! ಹಗ್ಗಕ್ಕೆ ಜೋತು ಬೀಳಬೇಡಿ. ಬಲೆ ಎಳೆಯೂದೇ ಸಾಕಾಗಿದೆ, ಅದರ ಸಂಗಡ ನಿಮ್ಮನ್ನೂ ಎಳೆಯೂಕೆ ನಮ್ಮಿಂದಾಗ!"

ಟವೆಲಿನೊಳಗಿನ ಮುಖ ಅಷ್ಟು ದೂರಕ್ಕೆ ಹೇಗೆ ಗುರುತು ಸಿಕ್ಕಿತೋ. ಸಾಲಿಗೆ ಸಾಲೇ ನಕ್ಕಿತು. ಸುಧಾಕರನನ್ನು ಎತ್ತಿ ನಡುವೆ ಹಾಕಿದರು. ಹೈಲೇಸಾ ಎಂದಾಗ ಮುಂದಿನವನ ಬೆನ್ನು ಅವನ ಮೂಗಿಗೆ ಬಡಿಯುತ್ತಿತ್ತು, ಎಳೆದಾಗ ಹಿಂದಿನವನು ಅವನ ಕಾಲು ತುಳಿಯುತ್ತಿದ್ದ. ಅಂಗೈಯಲ್ಲಿ ಬೊಕ್ಕೆ ಎದ್ದು, ಒಡೆದು, ಉಪ್ಪು ನೀರು ತಾಗಿದಾಗ ಅವನಿಗೆ ಸ್ವಂತ ಅಪ್ಪ ಸತ್ತಾಗ ಬಾರದ ಕಣ್ಣೀರು ಬಂತು. ಆದರೂ ಬಿಡಲಿಲ್ಲ. ಬಿಟ್ಟರೆ ಅಷ್ಟು ಹೊತ್ತು ಎಳೆದದ್ದು ದಂಡವಲ್ಲವೇ?

ಹೊತ್ತು ನೆತ್ತಿಗೆ ಬಂದಾಗ ಬಲೆ ದಡಕ್ಕೆ ಬಂತು. ಬಲೆಯ ಚೀಲ ಬೆಳ್ಳಿಯ ಹಾಗೆ ಕುದಿಯುತ್ತಿತ್ತು. ಒಳ್ಳೆಯ ಮೈಯಿರುವ ಬಂಗಡೆ. ಸುಬ್ಬ ಒಬ್ಬೊಬ್ಬರಿಗೆ ಮೂರು ಮೂರು ಬೊಗಸೆ ಹಾಕುತ್ತ ಬಂದ.

"ನನಗೆ ಎರಡು ಪಾಲು ಬರ್ತದೆ ತಂಡೇಲರೇ. ಎರಡೂ ಕೈಯಲ್ಲಿ ಎಳೆದಿದ್ದೇನೆ."

"ಉಳಿದವರು ಎಂತದ್ರಲ್ಲಿ ಎಳೆದ್ರು, ಬಾಲದಲ್ಲಾ? ಚೀಲ ಹಿಡೀರಿ."

ಸುಧಾಕರ ಚೀಲ ತಂದಿರಲಿಲ್ಲ. ಹತ್ತಿರವೇ ಒಬ್ಬಳು ಚೀಲ ಮಾರುತ್ತಿದ್ದಳು. ಅವನು ಅತ್ತ ನೋಡಲೇ ಇಲ್ಲ, ಓಡಿ ಹೋಗಿ ಸ್ಕೂಟರಿನ ಹೆಲ್ಮೆಟ್ಟು ತಂದು ಹಿಡಿದ. ಬಂಗಡೆಗಳು ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಮೇಲಿನಿಂದ ಟವೆಲು ಮುಚ್ಚಿದ. ಸಂತೋಷದಲ್ಲಿ ಪ್ಯಾಂಟನ್ನು ತಿರುಮುರುವಾಗಿ ಹಾಕಿಕೊಂಡು ಹೊರಟ.

ಅವನ ಮನೆ ಹೆದ್ದಾರಿಯ ಆಚೆ ಬದಿಗೆ. ಹೆದ್ದಾರಿಗೆ ಹತ್ತಿದಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ.

"ಹೆಲ್ಮೆಟ್ ಎಲ್ಲಿ?"

"ಇದೆ ಸರ್. ಇಲ್ಲೇ, ಕಾಲಬುಡದಲ್ಲಿ."

"ಎಲ್ಲಿರಬೇಕು?"

"ತಲೆ ಮೇಲೆ ಸರ್."

"ಮತ್ತೆ?"

"ಸರ್, ಅದರಲ್ಲಿ ಈಗ ಬೇರೆ ತಲೆಗಳಿವೆ."

ಪೊಲೀಸ ಟವೆಲು ಎತ್ತಿ ನೋಡಿದ. ನಲವತ್ತು ಕಣ್ಣುಗಳು ಅವನನ್ನೇ ದಿಟ್ಟಿಸುತ್ತಿದ್ದವು. "ದಂಡ ಕಟ್ತೀಯೋ, ಹೆಲ್ಮೆಟ್ ಹಾಕ್ತೀಯೋ?"

ದಂಡ ಎಂಬ ಶಬ್ದ ಪೂರ್ತಿ ಕಿವಿಗೆ ಬೀಳುವ ಮೊದಲೇ ಸುಧಾಕರ ಬಂಗಡೆಗಳನ್ನು ಟವೆಲಿನಲ್ಲಿ ಕಟ್ಟಿ ಸೀಟಿನಡಿ ತುರುಕಿ, ಹೆಲ್ಮೆಟ್ಟನ್ನು ಹಾಗೇ ತಲೆಗೆ ಹಾಕಿಕೊಂಡ. ಒಳಗೆ ನಿಂತಿದ್ದ ಮೀನಿನ ನೀರು ಹಣೆಯಿಂದ ಇಳಿದು, ಕಣ್ಣಿಗೆ ಹೊಕ್ಕು, ಕೆನ್ನೆಯ ಮೇಲೆ ಹರಿದು, ಗದ್ದದಲ್ಲಿ ತೊಟ್ಟಿಕ್ಕಿತು. ಪೊಲೀಸ ಮೂಗು ಮುಚ್ಚಿಕೊಂಡು, "ಹೋಗು ಮಾರಾಯ, ಬೇಗ ಹೋಗು," ಎಂದು ತಾನೇ ದಾರಿ ಬಿಟ್ಟ.

*

ಮನೆಯ ಗೇಟಿನ ಹತ್ತಿರ ಚಪ್ಪಲಿಗಳ ರಾಶಿ. ಜಗಲಿಯ ತುಂಬ ನೆರೆಯವರು, ಎಲ್ಲರ ಮುಖವೂ ಒಂದೇ ನಮೂನೆ. ಪಕ್ಕದ ಮನೆಯ ವಿಶ್ವನಾಥ ಬಿಳಿ ಅಂಗಿ ಹಾಕಿಕೊಂಡು ಎದುರು ಬಂದ. ಊರಿನ ಯಾವ ಮನೆಯಲ್ಲಿ ಏನಾದರೂ ಮೊದಲು ಮುಟ್ಟುವ ಮನುಷ್ಯ. ಅಷ್ಟೇ ಅಲ್ಲ, ಅವನು ಸೊಸೈಟಿಯ ಡೈರೆಕ್ಟರುಗಳಲ್ಲೊಬ್ಬ.

"ಸುಧಾಕರ, ಸುದ್ದಿ ಕೇಳಿ ಎದೆ ಧಸಕ್ ಅಂತು. ಕುಮಟೆಯಿಂದ ಈಗ ಬಂದ್ಯಾ? ಎಲ್ಲ ಮುಗೀತಾ?"

ಸುಧಾಕರ ಹೆಲ್ಮೆಟ್ಟು ತೆಗೆದ. ಕಣ್ಣೆರಡೂ ಕೆಂಡವಾಗಿದ್ದವು, ಕೆನ್ನೆಯಲ್ಲಿ ನೀರು ಇಳಿಯುತ್ತಿತ್ತು.

"ನೋಡಿ, ಎಷ್ಟು ಅತ್ತಿದ್ದಾನೆ!" ಎಂದು ವಿಶ್ವನಾಥ ಜಗಲಿಯತ್ತ ತಿರುಗಿದ. "ಅಂಗೈ ನೋಡಿ, ಚಟ್ಟ ಹೊತ್ತು ಬೊಕ್ಕೆ ಎದ್ದಿದೆ. ಪ್ಯಾಂಟು ತಿರುಮುರು ಆದದ್ದೂ ಗೊತ್ತಾಗಲಿಲ್ಲ ಪಾಪ." ಆಮೇಲೆ ಮೂಗು ಅರಳಿಸಿದ. "ದಹನ ಕಡಲಬದಿಯಲ್ಲಿ ಮಾಡಿದ್ದಾ?"

ಸುಧಾಕರ ತಲೆಯಾಡಿಸಿದ. ಸ್ಕೂಟರನ್ನು ತಳ್ಳಿಕೊಂಡು ಹಿತ್ತಲಿಗೆ ಹೋಗಿ, ಟವೆಲಿನ ಗಂಟು ಎತ್ತಿಕೊಂಡು ಅಡಿಗೆಮನೆಗೆ ನುಗ್ಗಿದ. ಜಯಂತಿ ತಲೆಗೆ ಸ್ನಾನ ಮಾಡಿ, ಒಲೆ ಆರಿಸಿ, ಸೆರಗಿನಲ್ಲಿ ಮೂಗು ಒರೆಸುತ್ತ ಕೂತಿದ್ದಳು.

"ಪಾಪ, ಕುಮಟೆಗೆ ಹೋದಾಗ ಒಂದೇ ಸಲ ನೋಡಿದ್ದೆ ಅವ್ರನ್ನ. ಮಾಲತಿ ಫೋನು ಮಾಡಿ ಹೇಳೂವರೆಗೆ ನಂಗೂ ಗೊತ್ತಿಲ್ಲ. ನೀವು ಒಂದು ಮಾತು ಹೇಳಿ ಹೋಗೂದಲ್ದಾ?"

ಸುಧಾಕರ ಗಂಟು ಬಿಚ್ಚಿದ. ಬಂಗಡೆಗಳು ನೆಲದ ಮೇಲೆ ಜಾರಿದವು. ಜಯಂತಿ ಮೀನು ನೋಡಿದಳು, ಗಂಡನನ್ನು ನೋಡಿದಳು. ಅಳು ಅಲ್ಲಿಗೇ ನಿಂತಿತು.

"ಬಂಗಡೆಗೋಸ್ಕರ ಸಾಯಿಸಿದ್ರಾ ಅವ್ರನ್ನ?"

"ಮೆಲ್ಲಗೆ ಮಾತಾಡೇ! ವಿಶ್ವನಾಥಂಗೆ ಕೇಳಿದ್ರೆ ಕೆಲಸ ಹೋಗ್ತದೆ. ಸಂಜೆ ಎಲ್ಲ ಹೋದ ಮೇಲೆ ಬಾಗಿಲು ಹಾಕಿ ಹುರಿದ್ರೆ ಆತು."

"ಸೂತಕದ ಮನೇಲಿ ಮೀನು ಹುರಿಯೂದಾ? ವಾಸನೆ ಹೆದ್ದಾರಿಗೆ ಹೋಗ್ತದೆ. ಹನ್ನೆರಡು ದಿನ ಇನ್ನು ಒಗ್ಗರಣೆಯೂ ಇಲ್ಲ." ಜಯಂತಿ ಎದ್ದು ನಿಂತಳು. "ಮತ್ತೊಂದು ಹೇಳ್ತೆ ಕೇಳಿ. ಮಾಲತಿ ಕುಮಟೆ ಮನೆ ಎಲ್ಲಿ ಬತ್ತದೆ ಅಂತ ಕೇಳಿದ್ಳು. ಹೇಳಿದೆ. ಅರ್ಧ ದಿನಕ್ಕೆ ಆಫೀಸು ಮುಚ್ಚಿ, ಮ್ಯಾನೇಜರು, ಅವಳು, ಎಲ್ಲ ಸೇರಿ ಗಾಡಿ ಮಾಡಿಕೊಂಡು ಹೋಗ್ತಾರಂತೆ. ಸೀರೆ, ಹಾರ ಎಲ್ಲ ತಗೊಂಡಿದಾರಂತೆ. ನಿಮ್ಮ ಸಾಕಿದ ತಾಯಿ, ಅಲ್ದಾ?"

ಸುಧಾಕರ ಮಣೆಯ ಮೇಲೆ ಕೂತುಬಿಟ್ಟ. ಹೊನ್ನಮ್ಮ ಬಾಗಿಲು ತೆಗೆಯುತ್ತಾಳೆ. ಮ್ಯಾನೇಜರ ಕೈಯಲ್ಲಿ ಅವಳ ಹೆಣಕ್ಕೆ ತಂದ ಹಾರ. ಕೆಲಸ ಹೋದಂತೆಯೇ. ಮಾವಂದಿರ ಲೆಕ್ಕವೂ ಹೊರಬೀಳುತ್ತದೆ.

ಅವನು ಮಾಲತಿಗೆ ಮಿಸ್ಡ್ ಕಾಲ್ ಕೊಟ್ಟ. ಕಾದ. ಮತ್ತೆ ಕೊಟ್ಟ. ಅವಳು ತಿರುಗಿ ಮಾಡಲಿಲ್ಲ. ದುಃಖದಲ್ಲಿರುವವನಿಗೆ ತೊಂದರೆ ಕೊಡಬಾರದೆಂಬ ಸೌಜನ್ಯವಿರಬೇಕು. "ನಿನ್ನ ಫೋನು ಕೊಡು!" ಎಂದ. ಜಯಂತಿ ಕಪ್ಪು ಪರದೆ ತೋರಿಸಿದಳು. "ಸಾಂತ್ವನದ ಕರೆ ಬಂದು ಬಂದು ಸತ್ತಿತು. ಚಾರ್ಜು ಮಾಡೂಕೆ ಸೋಮವಾರ ಆಫೀಸು ತೆಗೀಬೇಕಲ್ಲ." ಚಾರ್ಜರೂ ಸೊಸೈಟಿಯಲ್ಲೇ ಇತ್ತು.

ಉಳಿದದ್ದು ವಿಶ್ವನಾಥನ ಫೋನು. ಕೇಳಿದ್ದೇ ತಡ, ಅವನು ತಾನೇ ಮಾಲತಿಗೆ ಕರೆ ಹಚ್ಚಿ, ಜಗಲಿಯವರಿಗೆಲ್ಲ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಹಿಡಿದ.

"ಮಾಲತಿ, ಕುಮಟೆಗೆ ಹೋಗಬೇಡಿ. ಎಲ್ಲ ಮುಗಿದು ನಾನು ಮನೆಗೆ ಬಂದಾಯ್ತು. ಅಲ್ಲಿ ಯಾರೂ ಇಲ್ಲ."

"ಹೊನ್ನಾವರ ದಾಟಿ ಆತು ಸುಧಾಕರಣ್ಣ. ಮ್ಯಾನೇಜರ್ ಸರ್ ಹೇಳ್ತಿದಾರೆ, ಹೊಸ್ತಿಲಿಗಾದ್ರೂ ಹಾರ ಹಾಕಿ, ಕೈ ಮುಗಿದು ಬತ್ತೇವೆ ಅಂತ. ನೀವು ಸಮಾಧಾನ ಮಾಡ್ಕೊಳ್ಳಿ." ಫೋನು ಕಟ್ಟಾಯಿತು.

"ಎಂಥ ಜನ!" ಎಂದ ವಿಶ್ವನಾಥ. ಅವನ ಕಣ್ಣು ಒದ್ದೆಯಾಗಿತ್ತು. ಸುಧಾಕರನ ಅಂಗಿ ಒದ್ದೆಯಾಗಿತ್ತು.

*

ಬಂಗಡೆಗಳು ಬಚ್ಚಲಿನ ಬಕೆಟ್ಟಿನಲ್ಲಿ ಉಪ್ಪು ಹಾಕಿಸಿಕೊಂಡು ಮಲಗಿದವು. ಒಂದು ತಾಸಿನಲ್ಲಿ ಊರಿನ ಬೆಕ್ಕುಗಳೆಲ್ಲ ಪಾಗಾರದ ಮೇಲೆ ಸಾಲಾಗಿ ಬಂದು ಕೂತವು. ಅಂದು ದುಃಖಕ್ಕೆ ಬಂದವರಲ್ಲಿ ಅಷ್ಟು ಭಕ್ತಿಯಿಂದ ಕೂತವರು ಅವೇ.

ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ವಿಶ್ವನಾಥನ ಮನೆಯಿಂದ ಗಂಜಿ ಬಂತು. ಪುಕ್ಕಟೆ ಊಟ ಬಂದರೂ ಸುಧಾಕರನಿಗೆ ಸಂತೋಷವಾಗದ ಮೊದಲ ದಿನ ಅದು. ಇಳಿಹೊತ್ತಿಗೆ ಜಯಂತಿಯ ಅಣ್ಣ ಶಾಂತಾರಾಮ ಹೆಂಡತಿಯನ್ನು ಕೂರಿಸಿಕೊಂಡು ಆಟೋದಲ್ಲಿ ಬಂದ. ಆಟೋ ಅವನದೇ. ವಿಷಯ ದಾರಿಯಲ್ಲೇ ತಿಳಿದು, ಹಸಿದ ಹೊಟ್ಟೆಯಲ್ಲಿ ಗಂಭೀರವಾಗಿ ಕೂತ.

"ಮೀನೂಟಕ್ಕೆ ಕರೆದಿದ್ರಿ ಭಾವ. ನಮ್ಮ ಯೋಗ ಇಲ್ಲ ಬಿಡಿ," ಎಂದು ಗಂಜಿಗೆ ಉಪ್ಪಿನಕಾಯಿ ಹುಡುಕಿದ. ಜಯಂತಿ ಬಾಗಿಲ ಹಿಂದಿನಿಂದ ಗಂಡನನ್ನು ನೋಡಿದ ನೋಟಕ್ಕೆ ಬಸಳೆ ಬಳ್ಳಿಯೂ ಬಾಡುತ್ತಿತ್ತು.

ಸೂರ್ಯ ಕಂತುವ ಹೊತ್ತಿಗೆ ಗಾಡಿಯ ಸದ್ದಾಯಿತು. ಸುಧಾಕರ ಜಗಲಿಯ ಕಂಬ ಹಿಡಿದುಕೊಂಡ. ಮೊದಲು ರಮಾನಂದರು ಇಳಿದರು, ಆಮೇಲೆ ಮಾಲತಿ. ಆಮೇಲೆ ಒಂದು ಬಟ್ಟೆಗಂಟು ಇಳಿಯಿತು, ಅಕ್ಕಿ ಚೀಲ ಇಳಿಯಿತು. ಅದರ ಹಿಂದೆ, ಚಪ್ಪಲಿಯನ್ನು ಕಾಲಿಗೆ ಹಾಕದೆ ಕಂಕುಳಲ್ಲಿ ಇರುಕಿಕೊಂಡು, ಹೊನ್ನಮ್ಮ ಇಳಿದಳು.

ರಮಾನಂದರು ನೇರವಾಗಿ ಬಂದು ಸುಧಾಕರನ ಭುಜ ಹಿಡಿದರು. ಇನ್ನೇನು ಹೊಡೆಯುತ್ತಾರೆ ಎಂದು ಅವನು ಕಣ್ಣು ಮುಚ್ಚಿದ.

"ಸುಧಾಕರ, ಬೆಳಿಗ್ಗೆ ಫೋನಿನಲ್ಲಿ ನಿಮ್ಮ ಮೇಲೆ ಅನುಮಾನ ಪಟ್ಟೆ. ಕ್ಷಮಿಸಬೇಕು. ತೀರಿಹೋದವರ ತಂಗಿ, ಈ ದುರ್ಗಿಯಮ್ಮ, ಎಲ್ಲ ಹೇಳಿದ್ರು. ಬೆಳಗಾಗುವ ಮೊದಲೇ ಬಂದು ನೀವೊಬ್ಬರೇ ಎಲ್ಲ ಕಾರ್ಯ ಮಾಡಿದ್ದು, ಹೆಗಲು ಕೊಟ್ಟದ್ದು, ಆಮೇಲೆ ಚಿತೆಯ ಮುಂದೆ ಬಿದ್ದು ಹೊರಳಾಡಿದ್ದು."

ಸುಧಾಕರ ಕಣ್ಣು ಬಿಡುವಷ್ಟರಲ್ಲಿ ಹೊನ್ನಮ್ಮ, "ಅಯ್ಯೋ ತಮಾ! ನಮ್ಮ ಹೊನ್ನಕ್ಕ ಹೋಗಿಬಿಟ್ಳಲ್ಲೋ!" ಎಂದು ಬೊಬ್ಬೆ ಹೊಡೆದು ಅವನ ಕುತ್ತಿಗೆಗೆ ಜೋತುಬಿದ್ದಳು. ಕಿವಿಯಲ್ಲಿ ಮಾತ್ರ ಬೇರೆ ಮಾತು. "ಸುಮ್ನಿರು ಶನಿಯೇ. ನಾ ಈಗ ದುರ್ಗಿ. ಬಾಯಿ ಬಿಟ್ರೆ ನಿನ್ನ 'ವಿಶೇಷ ರಜೆ'ಯ ಕತೆ ಇವರಿಗೆ ಹೇಳ್ತೆ."

ಈ ಊರಿನಲ್ಲಿ ಅವಳನ್ನು ನೋಡಿದವರೇ ಇರಲಿಲ್ಲ. ನೋಡಿದ್ದ ಒಬ್ಬಳು, ಜಯಂತಿ, ಬಾಗಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಅಳು ತಡೆಯುತ್ತಿದ್ದಾಳೆಂದು ನೆರೆಯವರು ತಿಳಿದರು.

ಹೊನ್ನಮ್ಮ ಜಗಲಿಯ ನಡುವೆ ಕೂತು ಕಣ್ಣೊರೆಸಿಕೊಂಡಳು. "ಅಕ್ಕನಿಗೆ ಮಕ್ಕಳಿಲ್ಲ. ಕೊಳ್ಳಿ ಇಟ್ಟವನು ಇವನೇ, ಮುಂದಿನದ್ದೂ ಇವನೇ ಮಾಡಬೇಕು. ನಾಳೆ ಬೆಳಿಗ್ಗೆ ತಲೆ ಬೋಳಿಸ್ತಾನೆ. ಹನ್ನೆರಡನೇ ದಿನ ದೊಡ್ಡ ಊಟ. 'ನನ್ನ ಸುಧಾಕರ ಊರಿಗೇ ಅನ್ನ ಹಾಕ್ತಾನೆ' ಅಂತ ಕಡೇ ಉಸಿರಿನಲ್ಲಿ ಹೇಳಿ ಕಣ್ಣು ಮುಚ್ಚಿದ್ಳು. ನೀವು ಆಫೀಸಿನವರು ಎಲ್ಲ ಬರಬೇಕು. ಮನೆಯವರನ್ನೂ ಕರೆದುಕೊಂಡು ಬನ್ನಿ."

"ಖಂಡಿತ ಬತ್ತೇವೆ," ಎಂದರು ರಮಾನಂದರು.

"ಪಾಯಸ ಎರಡು ನಮೂನೆ ಇರಲಿ ಸುಧಾಕರ," ಎಂದ ವಿಶ್ವನಾಥ. "ಅಡಿಗೆಯವರಿಗೆ ನಾನೇ ಹೇಳ್ತೆ, ನೀನು ತಲೆಬಿಸಿ ಮಾಡ್ಕೊಳ್ಳಬೇಡ. ಬಿಲ್ಲು ಮಾತ್ರ ನಿನ್ನ ಹೆಸರಲ್ಲೇ ಮಾಡಿಸ್ತೆ, ಪುಣ್ಯ ನಿನಗೇ ಬರಬೇಕಲ್ಲ."

ಸುಧಾಕರ ಕಂಬದ ಬುಡದಲ್ಲಿ ಕುಸಿದ. ಈ ಸಲ ಕಣ್ಣೀರಿಗೆ ಮೀನಿನ ನೀರು ಬೇಕಾಗಲಿಲ್ಲ.

*

ಜನ ಕರಗಿದ ಮೇಲೆ ಅಡಿಗೆಮನೆಯಲ್ಲಿ ಹೊನ್ನಮ್ಮ ಗಂಟು ಬಿಚ್ಚಿದಳು. ಹೆಣಕ್ಕೆಂದು ತಂದಿದ್ದ ಹೊಸ ಸೀರೆ, ತೆಂಗಿನಕಾಯಿ, ತುಪ್ಪ, ಒಂದು ಉಂಡೆ ದಾರ.

"ಹಾರದ ಹೂವು ಬಾಡ್ತದೆ. ದಾರ ಬಿಚ್ಚಿ ಇಟ್ಕೊಂಡೆ," ಎಂದಳು. "ಅಲ್ಲವೋ, ಬಾಗಿಲು ತೆಗೆದ್ರೆ ಇಷ್ಟು ಜನ ಸೀರೆ ಹಿಡ್ಕೊಂಡು ನಿಂತಿದಾರೆ. 'ಹೊನ್ನಮ್ಮನವರ ಅಂತಿಮ ದರ್ಶನ' ಅಂದ್ರು. ನಾನೇ ಹೊನ್ನಮ್ಮ ಅಂದ್ರೆ ಸೀರೆ ವಾಪಸು ತಕ್ಕೊಂಡು ಹೋಗ್ತಿದ್ರು. ಮನೆಬಾಗಿಲಿಂದ ಮನೆಬಾಗಿಲಿಗೆ ಗಾಡಿ ಬೇರೆ ಇತ್ತು. ಚಪ್ಪಲಿ ನೆಲಕ್ಕೆ ತಾಗಲಿಲ್ಲ ನೋಡು."

ಆಮೇಲೆ ಮೂಗು ಎತ್ತಿ, ಯಾರೂ ದಾರಿ ತೋರಿಸದೆಯೇ ಬಚ್ಚಲಿಗೆ ಹೋಗಿ ಬಕೆಟ್ಟು ಎತ್ತಿಕೊಂಡು ಬಂದಳು. "ಒಲೆ ಹಚ್ಚು ಜಯಂತಿ."

"ಚಿಕ್ಕಮ್ಮ, ಸೂತಕ!" ಎಂದ ಸುಧಾಕರ.

"ಸೂತಕ ನಿಂಗೆ. ಸತ್ತವಳಿಗೆ ಎಂತ ಸೂತಕ?"

ಬಾಣಲೆಯಲ್ಲಿ ಬಂಗಡೆ ಚುರ್ ಎಂದಿತು. ವಾಸನೆ ಕಿಟಕಿ ದಾಟಿದ ಮರುಕ್ಷಣವೇ ಪಾಗಾರದಾಚೆಯಿಂದ ವಿಶ್ವನಾಥನ ಸ್ವರ ಬಂತು. "ಸುಧಾಕರಾ, ಎಂತ ಮೀನಿನ ವಾಸನೆ ಅದು?"

ಹೊನ್ನಮ್ಮ ಕಿಟಕಿಗೆ ಹೋಗಿ ಅಳುವ ಸ್ವರ ತೆಗೆದಳು. "ಅಕ್ಕನಿಗೆ ಬಂಗಡೆ ಅಂದ್ರೆ ಜೀವ ಆಗಿತ್ತು. ಅವಳ ಹೆಸರಿಗೆ ಎಡೆ ಇಡ್ತಿದ್ದೇವೆ. ಮನೆಯವರು ಮುಟ್ಟೂದಿಲ್ಲ!"

"ಓ, ಹಾಗಾ. ಅವಳ ಆತ್ಮಕ್ಕೆ ತೃಪ್ತಿಯಾಗಲಿ."

"ಆಗ್ತದೆ, ಆಗ್ತದೆ," ಎಂದು ಆತ್ಮವು ತಟ್ಟೆ ಎಳೆದುಕೊಂಡು ಕೂತಿತು.

ಜಯಂತಿ ಉಳಿದ ಬಂಗಡೆಗಳನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಸೀರೆ ಬದಲಿಸಿ ಚೀಲ ಹಿಡಿದು ಬಂದಳು. "ಅಣ್ಣಂಗೆ ಎಲ್ಲ ಹೇಳಿದೆ. ನಕ್ಕು ನಕ್ಕು ಆಟೋದಲ್ಲಿ ಬಿದ್ದುಕೊಂಡಿದ್ದಾನೆ. ಮಾವಳ್ಳಿಯಲ್ಲಿ ಹುರಿದು ತಿಂತೇವೆ. ಯಾರಾದ್ರೂ ಕೇಳಿದ್ರೆ ಅತ್ತಿಗೆಗೆ ಹುಷಾರಿಲ್ಲ ಅಂತ ಹೇಳಿ. ಹನ್ನೆರಡನೇ ದಿನ ಊಟಕ್ಕೆ ಬತ್ತೆ."

ಆಟೋ ಹೋದ ಸದ್ದು ಅಡಗಿತು. ಸುಧಾಕರ ತಣ್ಣಗಾದ ಗಂಜಿಯ ಮುಂದೆ ಕೂತ. ಹೊನ್ನಮ್ಮ ಹೊಸ ಸೀರೆ ಉಟ್ಟುಕೊಂಡು, ಹೋಗುವ ವಿಚಾರವೇ ಇಲ್ಲದವಳ ಹಾಗೆ ಕಾಲು ಚಾಚಿ, ಬಂಗಡೆಯ ಬೆನ್ನು ಬಿಡಿಸುತ್ತಿದ್ದಳು.

"ಹನ್ನೆರಡು ದಿನ ಆದ ಮೇಲೆ ಕುಮಟೆಗೆ ಹೋಗ್ತೀಯಲ್ಲ ಚಿಕ್ಕಮ್ಮ?" ಎಂದ ಮೆತ್ತಗೆ. "ಬಸ್ಸು ಪುಕ್ಕಟೆ."

"ಹೇಗೆ ಹೋಗೂದು? ಆಧಾರ್ ಕಾರ್ಡಿನಲ್ಲಿ ಹೊನ್ನಮ್ಮ ಅಂತ ಇದೆ. ನಿಮ್ಮ ಮಾಲತಿ ದಿನಾ ಅದೇ ಬಸ್ಸಿಗೆ ಓಡಾಡ್ತಾಳಂತೆ, ಗಾಡಿಯಲ್ಲಿ ಹೇಳಿದ್ಳು. ಅವಳ ಎದುರಿಗೆ ಸತ್ತವಳ ಕಾರ್ಡು ತೋರಿಸೂದಾ? ದುರ್ಗಿ ಹೆಸರಿನ ಕಾರ್ಡು ಎಲ್ಲಿಂದ ತರಲಿ?"

"ಟಿಕೆಟಿಗೆ ನಾನು ದುಡ್ಡು ಕೊಡ್ತೆ!"

ಹುಟ್ಟಿದ ಮೇಲೆ ಮೊದಲ ಸಲ ಅವನ ಬಾಯಿಂದ ಈ ಮಾತು ಬಂದದ್ದು. ಹೊನ್ನಮ್ಮ ತಿನ್ನುವುದನ್ನು ನಿಲ್ಲಿಸಿ, ಕೆಟ್ಟ ಚಟಕ್ಕೆ ಬಿದ್ದ ಮಗನನ್ನು ನೋಡುವಂತೆ ಅವನನ್ನು ನೋಡಿದಳು.

"ಹೆಂಗಸಾಗಿ ದುಡ್ಡು ಕೊಟ್ಟು ಸರ್ಕಾರಿ ಬಸ್ಸು ಹತ್ತೂದಾ? ಇಂಥ ಹಾಳು ಖರ್ಚು ನಾ ನಿಂಗೆ ಯಾವತ್ತು ಕಲಿಸಿದ್ದೆ? ನಾ ಎಲ್ಲಿಗೂ ಹೋಗೂದಿಲ್ಲ. ಇನ್ನು ಇಲ್ಲೇ."

ಅವಳು ಕೈ ಚಾಚಿ ಲೈಟು ಆರಿಸಿದಳು. ಒಲೆಯ ಕೆಂಡದ ಬೆಳಕು ಸಾಕಂತೆ. ಆಮೇಲೆ ಚೆನ್ನಾಗಿ ಚೀಪಿದ ಬಂಗಡೆಯ ಮುಳ್ಳನ್ನು ಎತ್ತಿ ಅವನ ಗಂಜಿತಟ್ಟೆಯ ಅಂಚಿಗೆ ಜೋಪಾನವಾಗಿ ಇಟ್ಟಳು.

"ಇದನ್ನ ಬೆಕ್ಕಿಗೆ ಹಾಕಬೇಡ ತಮಾ. ನಾಳೆ ನಿನ್ನ ಸಾರಿಗೆ ಆತು."